ಯಂತ್ರಕ್ಕೆ ದ್ರಾಕ್ಷಿ ತೋರಿಸಿದ್ದು

ಬೇರೆಯವರ ಕೂಲಿ ಹೆಚ್ಚಾದರೆ ನನ್ನ ಎದೆ ಡವಡವ ಎನ್ನುತ್ತದೆ. ನನ್ನ ಜೇಬಿನಿಂದ ಒಂದು ಪೈಸೆ ಹೋಗದಿದ್ದರೂ ಹಾಗೆಯೇ. ಇದೆಂಥ ಕಾಯಿಲೆಯೋ ಗೊತ್ತಿಲ್ಲ. ಅಥಣಿಯ ಹೊರಗೆ ನನ್ನ ಅಕ್ಕನ ಗಂಡನ ಒಣದ್ರಾಕ್ಷಿ ಶೆಡ್ಡಿದೆ. ಅಲ್ಲಿ ನಾನು ಸೂಪರ್‌ವೈಸರ್. ಹನ್ನೆರಡು ಹೆಂಗಸರು ಕುಳಿತು ದ್ರಾಕ್ಷಿ ಆರಿಸುತ್ತಾರೆ, ನಾನು ಬೆನ್ನ ಹಿಂದೆ ಕೈಕಟ್ಟಿಕೊಂಡು ಅಡ್ಡಾಡುತ್ತೇನೆ. ಆಗಾಗ "ಲಗೂ ಲಗೂ" ಎನ್ನುತ್ತೇನೆ. ಹದಿನಾಲ್ಕು ವರ್ಷದಿಂದ ಇದನ್ನು ಕೆಲಸವೆಂದೇ ನಂಬಿದ್ದೆ.

ಈ ಸಲ ಸರಕಾರ ಕನಿಷ್ಠ ಕೂಲಿ ಏರಿಸಿತು. ತೆಲಸಂಗದಿಂದ ಬರುವ ಗಂಗವ್ವ, ಆರಿಸುವವರಲ್ಲೆಲ್ಲ ಹಿರಿಯಳು, ಪತ್ರಿಕೆಯ ತುಂಡು ಹಿಡಿದು ಬಂದು, "ಹೊಸಾ ರೇಟ್ ಬಂದೈತ್ರಿ. ಮುಂದಿನ ವಾರದಿಂದ ಹಂಗ ಕೊಡಾಕ ಮಾಲಕರಿಗೆ ಹೇಳ್ರಿ" ಎಂದಳು. ನಾನು ಬೆಚ್ಚಿಬಿದ್ದು ಭಾವನ ಬಳಿಗೆ ಓಡಿದೆ. "ಇವ್ರಿಗೆ ಅಷ್ಟ ಕೊಡೂದಕಿಂತ ಮಷೀನ್ ತರೂದು ಚೊಲೊ. ಕ್ಯಾಮರಾನ ನೋಡಿ ಆರಸ್ತೈತಿ. ಎಲ್ಲಾರ್ನೂ ಮನಿಗೆ ಕಳಸೂಣು" ಎಂದೆ. ಭಾವ ತಂದೇಬಿಟ್ಟರು.

ಸಾಂಗ್ಲಿಯಿಂದ ಬಂದ ಮರಾಠಿ ಇಂಜಿನಿಯರ್, ಒಳ್ಳೆಯ ಕಾಳು ಯಾವುದು, ಕೆಟ್ಟದ್ದು ಯಾವುದು ಎಂದು ಮೊದಲು ಯಂತ್ರಕ್ಕೆ ತೋರಿಸಬೇಕೆಂದ. ಸೂಪರ್‌ವೈಸರ್ ನಾನಿರುವಾಗ ಬೇರೆ ಯಾರು ತೋರಿಸಬೇಕು? ದುಂಡಗೆ ಹೊಳೆಯುವುದನ್ನೆಲ್ಲ ಒಳ್ಳೆಯ ತಟ್ಟೆಗೆ ಹಾಕಿದೆ, ಸುಕ್ಕುಗಟ್ಟಿದ್ದನ್ನೆಲ್ಲ ಕೆಟ್ಟದ್ದಕ್ಕೆ. ಯಂತ್ರ ಪಟಪಟನೆ ಆರಿಸತೊಡಗಿತು. ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದೆ. ಅಷ್ಟರಲ್ಲಿ ಗಂಗವ್ವ ಒಳ್ಳೆಯ ಮಾಲಿನ ಪೆಟ್ಟಿಗೆಗೆ ಕೈಹಾಕಿ ಒಂದು ಹಿಡಿ ಹಿಸುಕಿದಳು.

"ಅಯ್ಯ ಶಿವನ! ಇವೆಲ್ಲಾ ಇನ್ನೂ ಹಸಿ ಅದಾವ. ಎಂಟ ದಿನದಾಗ ಹುಳಿ ವಾಸನಿ ಹೊಡಿತಾವ. ಚೊಲೊ ಮಾಲ್ ಎಲ್ಲಾ ಕಸಕ್ಕ ಹೋಗೈತ್ರಿ!"

ನನ್ನ ಚಹಾ ಅಂಗಿಯ ಮೇಲೆ ಬಿತ್ತು. ಭಾವನ ಮುಖ ನೋಡುವ ಧೈರ್ಯವಾಗಲಿಲ್ಲ. ಗಂಗವ್ವ ತಟ್ಟೆಗಳನ್ನು ಬರಿದು ಮಾಡಿ ಹೊಸದಾಗಿ ತುಂಬಿದಳು. ನಾನು ಹದಿನಾಲ್ಕು ವರ್ಷದಲ್ಲಿ ಕಲಿಯದ್ದನ್ನು ಯಂತ್ರ ಮಧ್ಯಾಹ್ನದೊಳಗೆ ಅವಳಿಂದ ಕಲಿತುಬಿಟ್ಟಿತು. ಇವಳನ್ನೇ ಆಪರೇಟರ್ ಮಾಡಿ ಎಂದ ಇಂಜಿನಿಯರ್. ಅದು ಕುಶಲ ಕೆಲಸ, ಕೂಲಿ ಇನ್ನೂ ಹೆಚ್ಚು! ಕಾಳಿಗಂಟಿದ ದೇಟು, ಅಂದರೆ ತೊಟ್ಟು, ಕೀಳಲು ಮಾತ್ರ ಕೈಯೇ ಬೇಕು, ಯಂತ್ರದ ವೇಗಕ್ಕೆ ಮಾಲು ಬೇರೆ ಹೆಚ್ಚಾಗಿತ್ತು; ಆದ್ದರಿಂದ ಉಳಿದ ಹನ್ನೊಂದು ಜನರ ಕೆಲಸವೂ ಉಳಿಯಿತು. ಆಮೇಲೆ ಅವನು ನನ್ನತ್ತ ಬೆರಳು ಮಾಡಿ, "ಹೇ ಕಾಯ್ ಕರತಾತ್?" ಎಂದ. ಇವರೇನು ಮಾಡುತ್ತಾರೆ ಎಂದು!

ಭಾವ ಉತ್ತರ ಹುಡುಕುತ್ತ ಮೇಲಿನ ತಗಡು ನೋಡತೊಡಗಿದರು. ಕೊನೆಗೆ ಗಂಗವ್ವನೇ ಕನಿಕರಪಟ್ಟಳು. "ನನ್ನ ಜಾಗಾ ಖಾಲಿ ಐತ್ರಿ. ದೇಟ ಕೀಳೂದು ನಾ ಕಲಸ್ತೀನಿ, ಬರ್ರಿ, ಕುಂದರ್ರಿ."

ಕುಳಿತೆ. ಅರ್ಧ ಗಂಟೆಗೆ ಸೊಂಟ ಹಿಡಿಯಿತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಕೂಲಿ ಎಷ್ಟೆಂದು ಗಂಗವ್ವನನ್ನು ಮೆಲ್ಲಗೆ ಕೇಳಿದೆ.

"ಸರಕಾರದ್ದು ಹೊಸಾ ರೇಟ್ ಐತಲ್ರಿ, ಅಷ್ಟ."

"ಅಷ್ಟ?" ಎಂದು ಚೀರಿದೆ. "ಅಷ್ಟರಾಗ ಮನಷ್ಯಾ ಬದಕೂದ ಹೆಂಗ?"

ಹನ್ನೊಂದು ಜನರೂ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.