ಹನೂರು ಬಸ್ಸಿನ ಪುಸ್ತಕದ ಚೀಲ

ವಿಜ್ಞಾನದ ಮುನ್ನಡೆಯನ್ನು ವಿರೋಧಿಸುವವರಿಗೆ ದೊಡ್ಡ ದೊಡ್ಡ ಕಾರಣಗಳಿರುತ್ತವಂತೆ. ನನ್ನ ಕಾರಣ ಅವರೆಕಾಯಿ.

ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನಾನು ಲೈಬ್ರೇರಿಯನ್. ಎಂಬತ್ತರ ದಶಕದಲ್ಲಿ ಲೈಬ್ರರಿ ಎಂದರೆ ಎರಡು ಗಾಜಿನ ಬೀರು, ಒಂದು ಮೇಜು ಮತ್ತು ನಾನು. ಹನೂರು, ಯಳಂದೂರು ಕಡೆಯ ಡಾಕ್ಟರು, ನರ್ಸುಗಳಿಗೆ ಹಾವು ಕಡಿತದ್ದೋ ಹೆರಿಗೆಯದ್ದೋ ಪುಸ್ತಕ ಬೇಕಾದರೆ ಬಸ್ಸಿನಲ್ಲಿ ಹೇಳಿ ಕಳಿಸುತ್ತಿದ್ದರು. ನಾನು ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿ ಕಂಡಕ್ಟರ್ ಮಾದಪ್ಪನ ಕೈಗೆ ಕೊಡುತ್ತಿದ್ದೆ. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮ ಕಡೆಯ ಪದ್ಧತಿಯಲ್ಲ. ಪುಸ್ತಕದ ಚೀಲಕ್ಕೂ ಅದೇ ನ್ಯಾಯ. ಯಳಂದೂರಿನಿಂದ ಬೆಲ್ಲ ಬರುತ್ತಿತ್ತು. ಹನೂರಿನ ನರ್ಸ್ ಚೆನ್ನಾಜಮ್ಮ ತಮ್ಮ ಹೊಲದ ಅವರೆಕಾಯಿ ತುಂಬಿಸಿ ಕಳಿಸುತ್ತಿದ್ದರು. "ಈ ಸಲ ಪುಸ್ತಕ ಬೋ ತೂಕ ಸಾ," ಎಂದು ಮಾದಪ್ಪ ಚೀಲ ಇಳಿಸಿದರೆ ನನ್ನ ಮುಖ ಅರಳುತ್ತಿತ್ತು. ಅವರೆಯ ಕಾಲದಲ್ಲಿ ಆಕೆ ಕೇಳದ ಪುಸ್ತಕಗಳನ್ನೂ ನಾನೇ ಮೇಲೆ ಬಿದ್ದು ಕಳಿಸಿದ್ದುಂಟು. ಜ್ಞಾನಪ್ರಸಾರ ಎಂದು ಅದಕ್ಕೆ ಹೆಸರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರಿನ ಮಾತು ಬಂತು. "ಇನ್ನು ಹನೂರಿನವರು ಕೂತಲ್ಲೇ ಓದಬಹುದು," ಎಂದರು ನಮ್ಮ ದೊಡ್ಡ ಡಾಕ್ಟರು. ನಾನು ಮೀಟಿಂಗಿನಲ್ಲಿ ಎದ್ದು ನಿಂತು ಕರೆಂಟಿನ ಕಷ್ಟ, ಓದುಗರ ಹಿತ, ಕಾಗದದ ವಾಸನೆ ಎಂದೆಲ್ಲ ಭಾಷಣ ಮಾಡಿದೆ. ಪುಸ್ತಕದ ಮೇಲೆ ಎಂಥ ಪ್ರೀತಿ ಎಂದು ಎಲ್ಲರೂ ತಲೆದೂಗಿದರು. ಆಮೇಲೆ ನಮಗೊಂದು, ಹನೂರಿಗೊಂದು, ಯಳಂದೂರಿಗೊಂದು ಕಂಪ್ಯೂಟರ್ ತರಿಸಿದರು.

ಚೀಲ ಗೂಟಕ್ಕೆ ನೇತುಬಿತ್ತು. "ಡಾಕ್ಟ್ರುಗೋಳು ಓದಾದ್ನೇ ಬುಟ್ಬುಟ್ರಾ ಸಾ?" ಎಂದು ಮಾದಪ್ಪ ಕೇಳಿದ. ಅವರೆಕಾಯಿ ಹಾಳಾಗಿ ಹೋಗಲಿ, ನನ್ನನ್ನು ಕೇಳುವವರೇ ಇಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಹೀಗಿರುವಾಗ ಒಂದು ದಿನ ಮಾದಪ್ಪ ಹನೂರಿನಿಂದ ಒಂದು ಚೀಲ ತಂದ. ಓಡಿಹೋಗಿ ಬಿಚ್ಚಿದೆ. ಒಳಗೆ ಒಂದೇ ಒಂದು ಸೀಡಿ, ಅದಕ್ಕೊಂದು ಚೀಟಿ. ಹೆರಿಗೆಯ ಹೊಸ ಪಾಠಗಳಂತೆ, ಚೆನ್ನಾಜಮ್ಮನಿಗೆ ಟ್ರೈನಿಂಗಿನಲ್ಲಿ ಕೊಟ್ಟದ್ದು. ನಮ್ಮ ನರ್ಸುಗಳು ನೋಡಿದ ಮೇಲೆ ವಾಪಸು ಕಳಿಸಬೇಕಂತೆ. ಇಷ್ಟು ವರ್ಷ ಪುಸ್ತಕ ಕೊಟ್ಟ ನಾನು ಈಗ ಎರವಲು ಪಡೆಯುವವನಾಗಿದ್ದೆ.

ಸೀಡಿ ವಾಪಸು ಕಳಿಸುವ ದಿನ ನನ್ನ ಹೆಂಡತಿ ಸುಶೀಲ ಚೀಲ ಕಿತ್ತುಕೊಂಡಳು. "ಬರೀ ಚೀಲ ಕಳಿಸ್ತೀರಾ? ಆ ಯಮ್ಮ ಏನಂದ್ಕೋತಾರೆ?" ಎಂದವಳೇ ನನಗೆಂದು ಕರಿದಿಟ್ಟಿದ್ದ ಕೋಡುಬಳೆಯನ್ನೆಲ್ಲ ಅದಕ್ಕೆ ಸುರಿದಳು.

"ಸೀಡಿ ಅಂದ್ರೆ ಪುಸ್ತಕಕ್ಕಿಂತ ಅಗೂರ ಅಂದ್ಕೊಂಡಿದ್ನಲ್ಲಾ ಸಾ," ಎಂದ ಮಾದಪ್ಪ ಚೀಲ ಎತ್ತಿಕೊಳ್ಳುತ್ತ.

ಮುಂದಿನ ವಾರವೇ ಚೆನ್ನಾಜಮ್ಮ ಇನ್ನೊಂದು ಸೀಡಿ ಕಳಿಸಿದರು. ನಾನು ಕೇಳಿರಲಿಲ್ಲ.