ಮೂಲೆಮನೆಯ ಟ್ರಾಫಿಕ್ಕು

ಮೂಲೆಮನೆಯಾಕೆಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗಂಡ ತೀರಿಕೊಂಡ ಮೇಲೆ ಅಂಟಿಕೊಂಡ ಚಾಳಿ. ತೊಳೆದ ಲೋಟವನ್ನೇ ತೊಳೆಯುವಳು. ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುವಳು. ನಡುಮನೆಯಿಂದ ಅಡುಗೆಮನೆಗೆ ಹೋಗಿ, ಹೋದದ್ದು ಯಾಕೆಂದು ಮರೆತು, ಹೋದ ತಪ್ಪಿಗೆ ಇನ್ನೊಂದು ಲೋಟ ತೊಳೆದು ವಾಪಸು ಬರುವಳು. (ಆ ಮನೆಯ ಲೋಟಗಳಿಗೆ ಬಾಯಿದ್ದಿದ್ದರೆ ಎಂದೋ ಪೊಲೀಸ್ ಸ್ಟೇಷನ್ನಿಗೆ ಹೋಗಿರುತ್ತಿದ್ದವು.)

ಅವಳ ಕಾಲಿಗೆ ಬಿಡುವು ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ. ಮುಂದಿನ ಗೇಟಿನ ಒಳಗಡೆ, ಮೆಟ್ಟಿಲ ಮೇಲೆ. ಅಲ್ಲಿ ಕೂತರೆ ನಾಲ್ಕು ರಸ್ತೆ ಕೂಡುವ ಸರ್ಕಲ್ಲು ಪೂರ್ತಿ ಕಾಣುತ್ತದೆ. ಗೇಟೂ ಕಾಣುತ್ತದೆ.

ಗೇಟೆಂದರೆ ಬರೀ ಗೇಟಲ್ಲ. ಗಂಡ ಡ್ರೈವಿಂಗ್ ಮೇಷ್ಟ್ರು. ಎರಡೂ ಕಡೆಯ ಬಂಧುಬಳಗಕ್ಕೆಲ್ಲ ಪುಕ್ಕಟೆಯಾಗಿ ಗಾಡಿ ಕಲಿಸಿದವನು. ರಿವರ್ಸ್ ಕಲಿಸುತ್ತಿದ್ದದ್ದು ಈ ಗೇಟಿನೊಳಗೆ. ಎರಡು ಸಲ ಹಾರ್ನ್ ಹೊಡಿ, ಹಿಂದೆ ನೋಡು, ಗೇಟಿನೊಳಗೆ ಹಿಂದಕ್ಕೆ ಬಾ, ಆಮೇಲೆ ತಿರುಗಿಸಿಕೊಂಡು ಹೋಗು. ಯಾರು ಬಂದರೂ ಇದೇ ಪಾಠ. ಗೇಟಿನ ಕಂಬದ ಮೇಲೆ ಆ ಪಾಠಗಳ ಗುರುತೆಲ್ಲ ಇತ್ತು. ಈ ಗೀರು ತಮ್ಮನದು. ಈ ಗುಳಿ ನಾದಿನಿಯದು. ಪೇಂಟರ್ ಬಂದು ಸಿಮೆಂಟು ಮೆತ್ತುತ್ತೇನೆ ಎಂದಾಗ ಅವಳು ಪೊರಕೆ ಎತ್ತಿಕೊಂಡಿದ್ದಳು.

ಹೀಗಿರುವಾಗ ಎದುರಿನ ಖಾಲಿ ಸೈಟಿನಲ್ಲಿ ಒಂದು ಬೋರ್ಡು ಎದ್ದಿತು. ಸೈಟಿನವನು ಅಲ್ಲಿ ಸಾಲಾಗಿ ಅಂಗಡಿ ಕಟ್ಟುತ್ತಾನಂತೆ. ಅವನು ಎಲ್ಲಿ ಖಾಲಿ ಜಾಗ ಕಂಡರೂ ಅಲ್ಲಿಗೊಂದು ಶಟರ್ ಎಳೆಯುವವನು, ಅದಕ್ಕೇ ಅವನಿಗೆ ಶಟರ್ ಸಾಹುಕಾರ ಎಂದೇ ಹೆಸರು. ಅಂಗಡಿ ಬಂದರೆ ಸರ್ಕಲ್ಲಿನಲ್ಲಿ ಗಾಡಿ ಎಷ್ಟು ಹೆಚ್ಚುತ್ತದೆ ಎಂದು ನಗರಸಭೆ ಕಚೇರಿಯವರು ನೋಡಬೇಕು. ಅದಕ್ಕೆ ಮೊದಲು ಈಗ ಎಷ್ಟು ಗಾಡಿ ಓಡಾಡುತ್ತವೆ ಎಂದು ಒಂದು ದಿನ ಕೂತು ಎಣಿಸುತ್ತಾರೆ. ಆಮೇಲೆ ಎಲ್ಲರ ತಕರಾರು ಕೇಳಿ ಪರ್ಮಿಷನ್ನು.

"ಸಣ್ಣ ಕಾಂಪ್ಲೆಕ್ಸು ಅಕ್ಕೋರೆ, ನಿಮಗೇ ಅನುಕೂಲ. ಶಾಂಪೂ ಬೇಕು ಅಂದ್ರೆ ರಸ್ತೆ ದಾಟಿದ್ರೆ ಸಾಕು" ಎಂದ ಸಾಹುಕಾರ.

"ನನ್ನ ತಲೇಲಿ ಇರೋ ಕೂದಲಿಗೆ ನಿಮ್ಮ ಒಂದು ಅಂಗಡಿ ಬೇಕೇನ್ರಿ?" ಎಂದಳು.

ಅವಳ ಚಿಂತೆ ಬೇರೆ. ಶಾಂಪೂ ಕೊಳ್ಳಲು ಬಂದವರೆಲ್ಲ ಗಾಡಿ ತಂದು ಅವಳ ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ. ಮೆಟ್ಟಿಲ ಮೇಲೆ ಕೂತರೆ ಇನ್ನು ಕಾಣುವುದು ಕಂಡವರ ಕಾರಿನ ಟಯರು.

ಐಡಿಯಾ ಕೊಟ್ಟವಳು ನಾದಿನಿ, ಅದೂ ಫೋನಿನಲ್ಲಿ.

"ಅತ್ತಿಗೆ, ನಿಮ್ಮ ಸರ್ಕಲ್ಲಲ್ಲಿ ನಾಯಿ ನಟ್ಟನಡುವೆ ಮಲಗಿ ನಿದ್ದೆ ಮಾಡುತ್ತೆ. ಎಣಿಸೋನು ಬಂದು ಏನು ಎಣಿಸ್ತಾನೆ, ನಾಯೀನಾ? ರಸ್ತೆ ಖಾಲಿ ಅಂತ ಬರೀತಾನೆ, ಸಾಹುಕಾರಂಗೆ ಪರ್ಮಿಷನ್ನು ತಟ್ಟೇಲಿಟ್ಟು ಕೊಡ್ತಾರೆ."

"ಅದಕ್ಕೆ ನಾನೇನು ಮಾಡ್ಲಿ? ಗಾಡಿ ಹೆರಲಾ?"

"ಗಾಡಿ ಇರೋರನ್ನ ಕರೀರಿ! ಅಣ್ಣ ಅಷ್ಟೊಂದು ಜನಕ್ಕೆ ಕಲಿಸಿದ್ದು ಇನ್ಯಾವ ದಿನಕ್ಕೆ?"

ಎಣಿಕೆಯ ದಿನ ಬಂತು. ಕರೆಂಟು ಕಂಬದ ಬುಡದಲ್ಲಿ ಛತ್ರಿ ಬಿಚ್ಚಿಕೊಂಡು, ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ನಡುವಯಸ್ಸಿನ ಒಬ್ಬ ಮನುಷ್ಯ ಕೂತ. ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ. ಒಂದು ಗಾಡಿಗೆ ಒಂದು ಗೀಟು. ಎಲ್ಲಿಂದ ಬಂತು, ಯಾವ ಕಡೆ ತಿರುಗಿತು ಎಂದು ಗೀಟು ಹಾಕುವ ಕೆಲಸ. ಇವನನ್ನು ನೋಡಿ ನಾಯಿ ಎದ್ದು ಜಾಗ ಬಿಟ್ಟುಕೊಟ್ಟಿತು.

ಆಮೇಲೆ ಶುರುವಾಯಿತು ಬಂಧುಬಳಗದ ದಂಡಯಾತ್ರೆ. ಮುಂದೆ ಟೆಂಪೋದಲ್ಲಿ ತಮ್ಮ. ಹಿಂದೆ ಸ್ಕೂಟರಿನಲ್ಲಿ ನಾದಿನಿ. ಅವಳ ಹಿಂದೆ ಭಾವಂದಿರು, ಓರಗಿತ್ತಿಯರು, ಗಂಡನ ಷಡ್ಡಕ, ಆ ಷಡ್ಡಕನ ಅಳಿಯ. ನಾದಿನಿ ಒಂದು ಸುತ್ತಿಗೆ ಕಪ್ಪು ಕನ್ನಡಕ ಹಾಕಿದಳು, ಇನ್ನೊಂದು ಸುತ್ತಿಗೆ ತೆಗೆದಳು. ಗುರುತು ಸಿಗಬಾರದಂತೆ. (ಸ್ಕೂಟರು ಗಿಳಿಹಸಿರು ಬಣ್ಣದ್ದು. ಅದರಂಥದ್ದು ಊರಿಗೆಲ್ಲ ಅದೊಂದೇ.) ತಮ್ಮ ಟೆಂಪೋದಲ್ಲಿ ಒಂದು ಸಲ ಕುರ್ಚಿ ಹೇರಿಕೊಂಡು ಹೋದ, ಇನ್ನೊಂದು ಸಲ ಅವೇ ಕುರ್ಚಿಗಳನ್ನು ತಲೆಕೆಳಗಾಗಿ ಹೇರಿಕೊಂಡು ಬಂದ.

ಎಲ್ಲ ಸರಿಯಿತ್ತು. ಒಂದೇ ಎಡವಟ್ಟು. ಸರ್ಕಲ್ಲು ದಾಟಿದ ಮೇಲೆ ವಾಪಸು ಬರಲು ಗಾಡಿ ತಿರುಗಿಸಬೇಕಲ್ಲ? ಎಲ್ಲರೂ ಒಬ್ಬನೇ ಮೇಷ್ಟ್ರ ಶಿಷ್ಯರು. ತಲೆ ಮರೆತರೂ ಕೈ ಮರೆಯಲಿಲ್ಲ. ಬಂದವರೆಲ್ಲ ಎರಡು ಸಲ ಹಾರ್ನ್ ಹೊಡೆದು, ಹಿಂದೆ ನೋಡಿ, ನೆಟ್ಟಗೆ ಮೂಲೆಮನೆಯ ಗೇಟಿನೊಳಗೆ ರಿವರ್ಸ್ ಬಂದರು. ಸ್ಕೂಟರಿನವಳೂ ಇಳಿದು, ತಳ್ಳಿಕೊಂಡು ಹಿಂದಕ್ಕೆ ಬಂದಳು. ಗೇಟಿನೊಳಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಟೀ ಕೊಟ್ಟಳು. ಟೀ ಕೈಗೆ ಬಂದ ಮೇಲೆ ಮಾತು ಬಂತು. ಮಾತು ಮುಗಿಯುವ ತನಕ ಹಿಂದಿನ ಗಾಡಿ ಹೊರಗೆ ಕಾಯಿತು, ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಸರ್ಕಲ್ಲು ಕಟ್ಟಿಕೊಂಡಿತು.

ಒಂದೊಂದು ಜೋಡಿ ಹಾರ್ನಿಗೂ ಅವಳು ಗೇಟಿಗೆ ಓಡಿ ಬಂದಳು. ಗಂಡನ ಹಾರ್ನೂ ಹಾಗೇ ಇತ್ತು. ಓಡಿ ಬಂದು, ಬೇರೆಯವರ ಮುಖ ಕಂಡು, "ಹೂಂ, ಬಾ" ಎಂದು ಒಳಗೆ ಹೋಗಿ ಟೀ ಸೋಸಿದಳು. ಲೋಟ ತೊಳೆಯುವುದಕ್ಕೆ ಆ ದಿನ ಕಾರಣವಿತ್ತು. ಎಣಿಸುವವನಿಗೂ ಒಂದು ಲೋಟ ಕೊಟ್ಟಳು.

"ಸಿಕ್ಕಾಪಟ್ಟೆ ಟ್ರಾಫಿಕ್ಕು ಅಲ್ವೇನಪ್ಪಾ?"

"ಹೌದಮ್ಮಾ. ಹಾಳೆ ಸಾಲ್ತಿಲ್ಲ" ಎಂದ ಅವನು, ಕುಡಿಯುತ್ತಲೇ ಗೀಟು ಹಾಕುತ್ತ.

ತಕರಾರು ಕೇಳುವ ದಿನ ಕಚೇರಿಯ ಹಾಲ್ ತುಂಬಿತ್ತು. ಮೂಲೆಮನೆಯಾಕೆ ಗೆದ್ದವಳ ಹಾಗೆ ಮುಂದಿನ ಸಾಲಿನಲ್ಲೇ ಕೂತಳು. ಹಿಂದೆ ಅವಳ ಸೈನ್ಯ. ಇಂಜಿನಿಯರಮ್ಮ ಕನ್ನಡಕ ಏರಿಸಿಕೊಂಡು ಹೇಳಿದಳು: "ಈ ಸರ್ಕಲ್ಲಲ್ಲಿ ಈಗಾಗಲೇ ತುಂಬಾ ಒತ್ತಡ ಇದೆ."

"ಹೇಳ್ಲಿಲ್ವಾ?" ಎಂದಳು ನಾದಿನಿ ಹಿಂದಿನಿಂದ.

"ಆದ್ರೆ ಅದು ಅಂಗಡಿಯಿಂದಲ್ಲ. ಅಂಗಡಿ ಇನ್ನೂ ಬಂದೇ ಇಲ್ಲ. ಬರೋ ಗಾಡಿಗಳೆಲ್ಲ ಮೂಲೆಮನೆ ಗೇಟಿಗೆ ಹೋಗ್ತಿವೆ, ಅಲ್ಲಿಂದಾನೇ ಬರ್ತಿವೆ. ಅಮ್ಮಾ, ನೀವು ಮನೇಲಿ ಏನು ವ್ಯಾಪಾರ ಮಾಡ್ತೀರಿ? ಹೋಟ್ಲಾ?"

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು.

"ಪ್ಲ್ಯಾನಲ್ಲಿ ಅಂಗಡಿಯ ಬಾಗಿಲು ಸರ್ಕಲ್ಲಿಂದ ದೂರಕ್ಕಿದೆ, ತೊಂದರೆ ಇಲ್ಲ. ತೊಂದರೆ ಇರೋದು ಈ ಗೇಟಿಂದ. ಇದನ್ನ ಮುಚ್ಚಿ ಗೋಡೆ ಕಟ್ಟಿ, ಹಿಂದಿನ ಗಲ್ಲಿಯಿಂದ ದಾರಿ ಮಾಡ್ಕೋಬೇಕು."

"ಪಾಪ, ಒಂಟಿ ಹೆಂಗಸು. ಬೇಕಾದ್ರೆ ಇಟ್ಟಿಗೆ ನಾನೇ ಕೊಡಿಸ್ತೀನಿ" ಎಂದ ಶಟರ್ ಸಾಹುಕಾರ, ಧರ್ಮರಾಯನ ಮುಖ ಮಾಡಿಕೊಂಡು.

ಗೋಡೆ ಕಟ್ಟುವುದೇ? ಆ ಗೇಟಿಗೇ? ಮೂಲೆಮನೆಯಾಕೆ ಎದ್ದು ನಿಂತಳು. ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಸುಳ್ಳು ಮೇಡಂ! ಆವತ್ತು ನಾನೇ ಎಲ್ಲಾರನ್ನೂ ಕರೆಸಿದ್ದೆ, ಸುಮ್ನೆ ಸುತ್ತೋದಕ್ಕೆ. ನಮ್ಮನೆಗೆ ಯಾರೂ ಬರಲ್ಲ. ನಮ್ಮನೆಯವರು ತೀರಿಹೋದ ಮೇಲೆ ಒಬ್ರೂ ಬಂದಿಲ್ಲ. ಬೇಕಾದ್ರೆ ಇನ್ನೊಂದ್ಸಲ ಎಣಿಸಿ. ನಮ್ಮನೆಗೆ ಯಾರೂ ಬರಲ್ಲ!"

ಕಿಸಕ್ಕೆಂದವರೂ ನೆಲ ನೋಡಿದರು. ಇಂಜಿನಿಯರಮ್ಮ ಕನ್ನಡಕ ತೆಗೆದಳು. "ರಸ್ತೆ ಖಾಲಿ ಇರುತ್ತೆ ಅಂದ್ರೆ ಅಂಗಡಿಗಂತೂ ಅಡ್ಡಿ ಇಲ್ಲ. ನಿಮ್ಮ ಗೇಟಿಗೋಸ್ಕರ ಸೋಮವಾರ ಮತ್ತೆ ಎಣಿಸ್ತೀವಿ. ಯಾರೂ ಬರದಿದ್ರೆ ಗೇಟು ಉಳಿಯುತ್ತೆ."

ಸಾಹುಕಾರನ ಅಂಗಡಿಗೆ ಅಲ್ಲೇ ಸಹಿ ಬಿತ್ತು. ಅವಳಿಗೆ ಉಳಿದದ್ದು ಸೋಮವಾರ.

ಹೊರಗೆ ಬಂದದ್ದೇ ನಾದಿನಿ ಹಿಡಿದುಕೊಂಡಳು. "ಏನತ್ತಿಗೆ, ಊರ ಮುಂದೆ ನಮ್ಮ ಮಾನ ಹರಾಜು ಹಾಕಿದ್ರಿ! ಯಾರೂ ಬರಲ್ವಾ?"

"ಬಂದಿದ್ದೀಯೇನೆ? ನಿಮ್ಮಣ್ಣ ಹೋದ ಮೇಲೆ ಎಷ್ಟು ಸಲ ಬಂದಿದ್ದೀಯ, ಹೇಳು."

"ಬಂದು ಏನು ಮಾಡೋದು? ಬಂದ್ರೆ ನೀವು ಒಂದು ಕಡೆ ಕೂರ್ತೀರಾ? ಸಿಂಕ್ ಮುಂದೆ ನಿಂತ್ಕೊಂಡು ಲೋಟ ಉಜ್ಜುತ್ತಾ ಇರ್ತೀರಿ. ನಿಮ್ಮ ಬೆನ್ನು ನೋಡೋಕೆ ಅಷ್ಟು ದೂರದಿಂದ ಪೆಟ್ರೋಲ್ ಸುಟ್ಕೊಂಡು ಬರ್ಬೇಕಾ?"

ಮೂಲೆಮನೆಯಾಕೆ ಸೆರಗು ಬಿಗಿದು ಸಿಕ್ಕಿಸಿಕೊಂಡಳು. "ಹಾಗಾದ್ರೆ ಬರಬೇಡ. ಸೋಮವಾರವಂತೂ ಬರಲೇಬೇಡ!" ಎಂದು ಸಿಡುಕಿ ನಡೆದಳು. ನಾದಿನಿ ಮೂತಿ ತಿರುವಿದಳು. ತಮ್ಮ ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಟೆಂಪೋದ ಗಾಜು ಒರೆಸಿದ.

ಸೋಮವಾರ ಅದೇ ಮನುಷ್ಯ, ಅದೇ ಛತ್ರಿ. ರಸ್ತೆ ಬೋಳೋ ಬೋಳು. ನಾಯಿ ಮತ್ತೆ ತನ್ನ ಜಾಗಕ್ಕೆ ಬಂದು ಮಲಗಿತು. ಒಬ್ಬ ಸೈಕಲ್ಲಿನವನು ಹೋದ, ಅವನೂ ದಾರಿ ತಪ್ಪಿ ಬಂದವನು. ಹೊತ್ತು ಏರಿತು. ಅವಳು ಮೆಟ್ಟಿಲ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಗೇಟು ಉಳಿಯುತ್ತದೆ. ಇನ್ನೇನು ಬೇಕು? ಸಂತೋಷವಾಗಬೇಕಿತ್ತು. ಹಾಳಾದ್ದು, ಆಗಲಿಲ್ಲ. ಯಾರೂ ಬರುವುದಿಲ್ಲ ಎಂದು ತಾನೇ ಹೇಳಿದ್ದು, ಈಗ ಸರ್ಕಾರದ ಹಾಳೆಯೂ ಹೌದು ಎನ್ನುತ್ತಿತ್ತು.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಗಿಳಿಹಸಿರು ಕಂಡಿತು.

ಸ್ಕೂಟರಿನ ಹಿಂದೆ ಕಾರು. ಕಾರಿನ ಹಿಂದೆ ಇನ್ನೊಂದು ಕಾರು. ಕೊನೆಗೆ ಟೆಂಪೋ. ಅದರಲ್ಲಿ ಈ ಸಲ ಹಾಸಿಗೆ, ದಿಂಬು.

"ಅಯ್ಯೋ, ಇವತ್ತು ಬೇಡ! ಹೋಗ್ರೋ! ಆ ಕಡೆ ಹೋಗ್ರೋ!" ಎಂದು ಗೇಟಿನಲ್ಲಿ ನಿಂತು ಎರಡೂ ಕೈ ಬೀಸಿದಳು. ತಮ್ಮನಿಗೆ ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಕನ್ನಡಿಯಲ್ಲಿ ಕೈ ಮಾತ್ರ ಕಂಡಿತು. ಅಕ್ಕ ರಿವರ್ಸಿಗೆ ದಾರಿ ತೋರಿಸುತ್ತಿದ್ದಾಳೆಂದು ಭಕ್ತಿಯಿಂದ ಹಿಂದಕ್ಕೆ ಬಂದ. ಅವಳು ಜೋರಾಗಿ ಬೀಸಿದಷ್ಟೂ ಜೋರಾಗಿ ಬಂದ. ಧಡ್! ಕಂಬಕ್ಕೆ ಹೊಸದೊಂದು ಗುಳಿ ಬಿತ್ತು.

"ಗೇಟು ಹೋಗುತ್ತೆ ಕಣೇ! ನಿನಗೆ ಬುದ್ಧಿ ಇದೆಯಾ?" ಎಂದು ನಾದಿನಿಯ ಮೇಲೆ ಹರಿಹಾಯ್ದಳು.

ನಾದಿನಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದಳು. ಸೊಂಟಕ್ಕೆ ಕೈಯಿಟ್ಟಳು. "ಕಚೇರೀಲಿ ಬರೆಸಿ ಬಂದ್ರಲ್ಲ, ಯಾರೂ ಬರಲ್ಲ ಅಂತ? ಅದನ್ನ ಅಳಿಸೋಕೆ ಬಂದಿದ್ದೀವಿ. ಗೇಟು ಹೋದ್ರೆ ಹಿತ್ತಲ ಕಡೆಯಿಂದ ಬರ್ತೀವಿ. ಲೋಟ ಈ ಸಲ ನಾನು ತೊಳೀತೀನಿ, ನೀವು ಸುಮ್ನೆ ಕೂರಬೇಕು. ಕೂರಲ್ಲ ಅಂದ್ರೆ ಕಟ್ಟಿ ಹಾಕ್ತೀನಿ."

ಎಣಿಸುವವನು ಸ್ಟೂಲಿನಿಂದ ಎದ್ದು ಬಂದ. ಹಲಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮೆಲ್ಲಗೆ ಕೇಳಿದ: "ಅಮ್ಮಾ, ನಾನು ಆ ಕಡೆ ತಿರುಗಿದ್ದೆ ಅಂದ್ಕೊಳ್ಳಿ. ನೀವು ಹೂಂ ಅಂದ್ರೆ ಇವ್ಯಾವೂ ಬಂದೇ ಇಲ್ಲ ಅಂತ ಬಿಟ್ಟುಬಿಡ್ತೀನಿ. ಗೇಟು ಉಳಿಯುತ್ತೆ. ಏನು ಮಾಡ್ಲಿ?"

ಎಲ್ಲರೂ ಅವಳನ್ನೇ ನೋಡಿದರು. ಅವಳು ಗೇಟು ನೋಡಿದಳು. ಹಾಸಿಗೆ ಹೊತ್ತು ನಿಂತ ತಮ್ಮನನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟೇ ಇದ್ದ ನಾದಿನಿಯ ತುಟಿ ಅದುರುತ್ತಿದ್ದದ್ದನ್ನೂ ನೋಡಿದಳು.

"ಬರ್ಕೊಳಪ್ಪಾ" ಎಂದಳು. "ಒಂದನ್ನೂ ಬಿಡಬೇಡ. ಎಲ್ಲಾ ನಮ್ಮನೆಗೇ ಬಂದಿರೋದು."

ಅವನು ನಿಟ್ಟುಸಿರು ಬಿಟ್ಟು ಗೀಟು ಹಾಕತೊಡಗಿದ. ಕೊನೆಯಲ್ಲಿ ಪೆನ್ಸಿಲ್ ನಿಲ್ಲಿಸಿ ಟೆಂಪೋ ಕಡೆ ತೋರಿಸಿದ. "ಇದು ಒಳಗೆ ಬಂತು ಅಂತ ಬರೆದೆ. ಹೊರಗೆ ಹೋಗೋದು ಯಾವಾಗಮ್ಮಾ?"

"ಅದಕ್ಕೆ ನಾಳೆ ಬಾ" ಎಂದು ಅವಳು ದಿಂಬು ಕಸಿದುಕೊಂಡು ಒಳಗೆ ನಡೆದಳು.