ದಕ್ಷಿಣಕ್ಕೆ ಮುಖ ಮಾಡಿದ ಹಂಡೆ

ನೈರೋಬಿಯಲ್ಲಿ ನನ್ನ ಸೋದರಮಾವನೊಡನೆ ಜಗಳವಾಡಿ ಗೆದ್ದವನು ಒಬ್ಬನೇ: ಸೂರ್ಯ. ಅವನಿಗೂ ಆ ಗೆಲುವು ಸುಲಭವಾಗಿ ದಕ್ಕಲಿಲ್ಲ. ಅದಕ್ಕಾಗಿ ಅವನು ಭೂಮಧ್ಯರೇಖೆಯನ್ನೇ ದಾಟಿ ಹೋಗಬೇಕಾಯಿತು!

ಮಾವ ಹೈರಿಡ್ಜ್ ಬಡಾವಣೆಯಲ್ಲಿ, ಹಲವು ಮನೆಗಳ ಒಂದು ಕಾಂಪೌಂಡಿನೊಳಗೆ ಸ್ವಂತ ಮನೆ ಮಾಡಿಕೊಂಡಿದ್ದರು. ವೃತ್ತಿಯಿಂದ ಸಾಬೂನು ಕಾರ್ಖಾನೆಯ ಬಾಯ್ಲರ್ ಎಂಜಿನಿಯರು. ಹಗಲೆಲ್ಲ ಎಣ್ಣೆ ಸುಟ್ಟು ಹಬೆ ಮಾಡುವ ಈ ಮನುಷ್ಯ, ಸಂಜೆ ಮನೆಗೆ ಬಂದು ಗೀಸರಿನ ಸ್ವಿಚ್ಚು ಒತ್ತುವವರನ್ನು ಬೈಯುತ್ತಿದ್ದರು. ಸ್ವಚ್ಛ ಇಂಧನದ ಪ್ರಚಾರವನ್ನೇ ಉದ್ಯೋಗ ಮಾಡಿಕೊಂಡು ಅದೇ ಊರಿನ ಕಿಲೆಲೆಶ್ವಾದಲ್ಲಿ ಬಾಡಿಗೆಗಿದ್ದ ನಾನು, ಇದು ಆತ್ಮವಂಚನೆಯಲ್ಲವೇ ಎಂದು ಕೇಳದೆ ಬಿಟ್ಟೇನೆ?

"ಹೊಗೆ ಏನೂಂತ ಹೊಗೆ ಕುಡಿದವನಿಗೇ ಗೊತ್ತು ಕಣೇ. ನೀನು ಅದನ್ನ ರಿಪೋರ್ಟಲ್ಲಿ ಓದಿದೀಯ, ಅಷ್ಟೇ" ಎಂದರು.

ಈ ಶತಮಾನ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲವದು. ಆಫ್ರಿಕಾದಲ್ಲಿ ಚಳಿಯೇ ಎಂದು ಮೈಸೂರಿನ ಬಂಧುಗಳು ಫೋನಿನಲ್ಲಿ ನಗುತ್ತಿದ್ದರು. ಜುಲೈಯಲ್ಲಿ ಒಮ್ಮೆ ಬಂದು ನೋಡಲಿ! ಸ್ವೆಟರಿನೊಳಗೆ ಇನ್ನೊಂದು ಸ್ವೆಟರು ತೊಟ್ಟು ಕೂತ ನಗರವದು. ಸಿರಿವಂತರ ಬಡಾವಣೆ ರುಂಡಾದ ಬಂಗಲೆಗಳಲ್ಲಿ ಬೆಂಕಿಗೂಡಿಗೆ ಮರದ ದಿಮ್ಮಿಗಳು. ಅದೇ ಬಂಗಲೆಗಳ ಹಿಂದೆ, ಕೆಲಸದವರ ಕೋಣೆಗಳಲ್ಲಿ, ಇದ್ದಿಲಿನ ಒಲೆ ಮತ್ತು ಕೆಮ್ಮು. ಮೊದಲನೆಯದು ಕಾಡಿಗೆ ಮಾಡಿದ ಅನ್ಯಾಯ, ಎರಡನೆಯದು ಮನುಷ್ಯರಿಗೆ ಮಾಡಿದ್ದು. ಇದನ್ನು ನಾನು ಸಭೆಗಳಲ್ಲಿ ಹೇಳುತ್ತಿದ್ದೆ. ಮಾವ ಸಭೆಗೆ ಬರಲಿಲ್ಲ. ಏಣಿ ತಂದು ಛಾವಣಿ ಹತ್ತಿದರು.

ಸೋಲಾರ್ ವಾಟರ್ ಹೀಟರನ್ನು ಕೂಡಿಸಿದ್ದು ಅವರೇ, ತಮ್ಮ ಕೈಯಿಂದಲೇ. ಅದರ ನೀರು ಮೂರು ಕಡೆಗೆ ಹರಿಯುತ್ತಿತ್ತು: ಅತ್ತೆಯ ಬಚ್ಚಲಿಗೆ, ತಮ್ಮ ಬಚ್ಚಲಿಗೆ, ಮತ್ತು ಹಿತ್ತಲಿನಲ್ಲಿ ಮನೆಗೆಲಸದ ವಾಂಜಿರುವಿನ ಕೋಣೆಗೆ. ಗಾಜಿನ ಹಲಗೆಯನ್ನು ಮಾತ್ರ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಯಾಕೆ? ಬೆಂಗಳೂರಿನ ಛಾವಣಿಗಳ ಮೇಲೆ ಎಲ್ಲವೂ ದಕ್ಷಿಣಕ್ಕೇ ನೋಡುತ್ತವೆ!

"ದಕ್ಷಿಣ ಯಮನ ದಿಕ್ಕು ಕಣ್ರೀ" ಎಂದರು ಅತ್ತೆ ಕೆಳಗಿನಿಂದ.

"ಅವನೂ ಬಿಸಿನೀರಲ್ಲಿ ಸ್ನಾನ ಮಾಡ್ಲಿ ಬಿಡೇ. ಕೋಣ ತೊಳೆದು ಸುಸ್ತಾಗಿರ್ತಾನೆ."

ದೀಪಾವಳಿಯ ಹೊತ್ತಿಗೆ ನೀರು ಕೊತಕೊತ ಎನ್ನುತ್ತಿತ್ತು. ನೀರು ತುಂಬುವ ಹಬ್ಬದ ಸಂಜೆ ಅತ್ತೆ ಸುಣ್ಣ, ಕೆಮ್ಮಣ್ಣು, ಹಾಗಲಬಳ್ಳಿ ಹಿಡಿದು ಬಂದರು. ಹಂಡೆಯನ್ನು ಸಿಂಗರಿಸಿ ಪೂಜಿಸದೆ ಮರುದಿನ ಎಣ್ಣೆಸ್ನಾನವುಂಟೇ?

"ಹಂಡೆ ಎಲ್ಲಿದ್ರೂ ಹಂಡೆನೇ. ಒಂದೋ ಅದನ್ನ ಇಳಿಸಿ, ಇಲ್ಲಾ ನೀವು ಹತ್ತಿ."

ದೇವರೊಡನೆಯೂ ಮಾತು ಬಿಟ್ಟಿದ್ದ ನನ್ನ ವಿಚಾರವಾದಿ ಮಾವ, ಛಾವಣಿಯ ಮೇಲೆ ಮಂಡಿಯೂರಿ ಉಕ್ಕಿನ ಟ್ಯಾಂಕಿಗೆ ಪಟ್ಟೆ ಬಳಿದು ಬಳ್ಳಿ ಸುತ್ತಿದರು. ನೆರೆಯವರು ಕಿಟಕಿಗಳಲ್ಲಿ ಸೇರಿದರು. "ಇದು ಪೂಜೆ ಅಲ್ಲ, ಇನ್ಸುಲೇಷನ್" ಎಂದು ಮೇಲಿನಿಂದಲೇ ಸ್ಪಷ್ಟೀಕರಣ ಬಂತು.

ಆ ಬಳ್ಳಿಯೇ ಕಾಂಪೌಂಡಿನ ನಿವಾಸಿಗಳ ಸಮಿತಿಯ ಕಣ್ಣಿಗೆ ಬಿದ್ದದ್ದು. ಅಧ್ಯಕ್ಷರು ದಾವಣಗೆರೆಯ ಕಡೆಯವರು, ಔಷಧ ಕಂಪನಿಯೊಂದರ ಮ್ಯಾನೇಜರು. ಸಭೆಯಲ್ಲಿ ಮಾವನ ಪಕ್ಕದಲ್ಲಿ ನಾನೂ ಕುಳಿತಿದ್ದೆ.

"ರಾಯರೇ, ಛಾವಣಿ ನಿಮ್ಮದಿರಬಹುದು, ವ್ಯೂ ಎಲ್ಲರದ್ದು. ತೆಗೆಸಿಬಿಡಿ."

"ನಿಮ್ಮ ಡೀಸೆಲ್ ಜನರೇಟರ್ ಹೊಗೇನ ನಾವು ಬೆಳ್ಳಿಮೋಡ ಅಂತ ನೋಡ್ತಿಲ್ವಾ ಸ್ವಾಮಿ?"

ಅಧ್ಯಕ್ಷರು ದನಿ ತಗ್ಗಿಸಿದರು. "ವ್ಯೂ ಬಿಡಿ. ಕೆಲಸದವಳಿಗೆ ಬಿಸಿನೀರಿನ ನಲ್ಲಿ ಹಾಕಿಸಿದೀರಂತೆ. ನಾಳೆ ನಮ್ಮನೆ ಕೆಲಸದವಳೂ ಕೇಳ್ತಾಳೆ."

"ಕೇಳ್ಲಿ ಅಂತಾನೇ ಹಾಕಿಸಿರೋದು."

ನಮ್ಮ ಪಾತ್ರೆ ತೊಳೆಯುವ ಕೈಗಳು ತಮ್ಮ ಮೈಯನ್ನು ತಣ್ಣೀರಿನಲ್ಲಿ ತೊಳೆಯಬೇಕೆನ್ನುವ ಈ ನಿಯಮವನ್ನು ಬರೆದವರು ಯಾರು? ನಾನು ಎದ್ದು ನಿಂತು ಕೇಳಿದೆ. ಚಹಾ ಬಂತು. ಕೊನೆಗೆ ತೀರ್ಮಾನವಾಯಿತು: ಜುಲೈಯ ಚಳಿಯಲ್ಲಿ ಸಮಿತಿ ಬಂದು ಪರೀಕ್ಷಿಸುವುದು, ನೀರು ಕಾಯದಿದ್ದರೆ ಟ್ಯಾಂಕೂ ಹೋಗಬೇಕು, ಕೊಳವೆಗಳೂ ಹೋಗಬೇಕು.

ಜೂನ್ ಬಂತು. ನೈರೋಬಿ ಭೂಮಧ್ಯರೇಖೆಯಿಂದ ತುಸು ದಕ್ಷಿಣಕ್ಕಿರುವ ಊರು. ಆ ತಿಂಗಳುಗಳಲ್ಲಿ ಸೂರ್ಯ ಉತ್ತರದ ಆಕಾಶಕ್ಕೆ ಸರಿದುಬಿಡುತ್ತಾನೆ. ಮಾವನ ಹಲಗೆ ಅವನಿಗೆ ಬೆನ್ನು ಹಾಕಿ ನಿಂತಿತ್ತು. ನಾನು ಕಿತ್ತಳೆಹಣ್ಣು ಹಿಡಿದು ಭೂಗೋಳ ವಿವರಿಸಿದೆ.

"ಉತ್ತರಕ್ಕೆ ತಿರುಗಿಸಿದ್ರೆ ನಿಮ್ಮತ್ತೆಯ ಯಮ ಗೆದ್ದ ಹಾಗಾಗತ್ತೆ. ಆಗಲ್ಲ" ಎಂದು ಆ ಕಿತ್ತಳೆಯನ್ನು ಸುಲಿದು ತಿಂದರು.

ಆದರೆ ಬಿಸಿನೀರಿಗೆ ಕೊರತೆಯಾದಂತೆ ಕಾಣಲಿಲ್ಲ. ಅತ್ತೆಯ ಬಚ್ಚಲಿನಲ್ಲಿ ಹಬೆ ಏಳುತ್ತಿತ್ತು. ಮಾವನಂತೂ ತಮ್ಮ ಬಚ್ಚಲಿನಿಂದ "ಶಿವಾ, ಶಿವಾ" ಎಂದು ಮನೆ ನಡುಗುವಂತೆ ಕೂಗುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಾಗಲೆಲ್ಲ ಅದನ್ನು ಕೇಳಿ, ವಯಸ್ಸಾದಂತೆ ನಾಸ್ತಿಕರೂ ಸಡಿಲವಾಗುತ್ತಾರಲ್ಲ ಎಂದು ವ್ಯಥೆಪಟ್ಟೆ.

ಜುಲೈಯ ಒಂದು ಮಂಜಿನ ಮುಂಜಾನೆ ಸಮಿತಿ ಬಂದಾಗ ನಾನೂ ಅಲ್ಲಿದ್ದೆ. ಅಧ್ಯಕ್ಷರು ನೇರವಾಗಿ ಮಾವನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೈಯೊಡ್ಡಿದರು. ತಕ್ಷಣ ಹಿಂದಕ್ಕೆಳೆದುಕೊಂಡರು. ಐಸು!

"ತೆಗೆಸಿಬಿಡಿ ರಾಯರೇ."

ಮಾವ ನಲ್ಲಿ ನಿಲ್ಲಿಸಿದರು. ಆಗ ಹಿತ್ತಲಿನ ಬಾಗಿಲಲ್ಲಿ ವಾಂಜಿರು ಕಾಣಿಸಿಕೊಂಡಳು. ಅವಳ ಕೈಯಲ್ಲಿ ಹಬೆಯಾಡುವ ಬಕೆಟ್ಟು.

"ಮಾಜಿ ಮೋಟೊ ಇಲ್ಲಿದೆ" ಎಂದಳು. ಬಿಸಿನೀರು ಎಂಬುದಕ್ಕೆ ಅಲ್ಲಿನ ಭಾಷೆಯ ಈ ಮಾತನ್ನು ಕಾಂಪೌಂಡಿನಲ್ಲಿ ತಿಳಿಯದವರಿರಲಿಲ್ಲ. "ಮ್ಜೇ ತಮ್ಮ ನಲ್ಲಿಯ ವಾಲ್ವನ್ನು ಜೂನಿನಲ್ಲೇ ಮುಚ್ಚಿದರು. ಇಬ್ಬರಿಗೆ ಸಾಲುವಷ್ಟೇ ಕಾಯುತ್ತದೆ."

ಮ್ಜೇ ಎಂದರೆ ಹಿರಿಯರು. ಆ ಹಿರಿಯರು ಗೋಡೆ ನೋಡುತ್ತಿದ್ದರು. ಅಧ್ಯಕ್ಷರು ಬಕೆಟ್ಟಿನಲ್ಲಿ ಬೆರಳದ್ದಿದರು. ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು, ಎರಡೂ ಕೈಗಳನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ, "ಇರ್ಲಿ ಬಿಡಿ" ಎಂದು ಹೊರಟರು.

ಎಲ್ಲರೂ ಹೋದ ಮೇಲೆ ಅತ್ತೆ ಮೆಣಸಿನ ಕಷಾಯ ತಂದಿಟ್ಟರು. "ನನ್ನ ಮಾತಿಗೆ ತಿರುಗಿಸ್ಬೇಡಿ. ಸೂರ್ಯನ ಮಾತಿಗಾದ್ರೂ ತಿರುಗಿಸಿ."

ಮಾವ ಲೋಟ ಖಾಲಿ ಮಾಡಿ ಏಣಿಗೆ ಕೈ ಹಾಕಿದರು. "ಬೀದಿಗೆ ಮುಖ ಮಾಡಿದ್ರೆ ಚೆನ್ನಾಗಿ ಕಾಣತ್ತೆ, ಅದಕ್ಕೆ" ಎಂದು ನನಗೆ ಹೇಳಿದರು. ಬೀದಿ ಇದ್ದದ್ದು ಉತ್ತರಕ್ಕೆ. ನಾನು ಏಣಿ ಹಿಡಿದುಕೊಂಡೆ.

ಮುಂದಿನ ಭಾನುವಾರ ಹೋದಾಗ ಅತ್ತೆ ಒಲೆಯ ಮುಂದಿರಲಿಲ್ಲ. ಮಾವನ ಬಚ್ಚಲಿನ ಬಾಗಿಲ ಹೊರಗೆ, ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮ್ಮನಿರು ಎಂದು ಬೆರಳೆತ್ತಿದರು. ಒಳಗೆ ನೀರು ಬೀಳುತ್ತಿತ್ತು. ಬಾಗಿಲ ಸಂದಿಯಿಂದ ಹಬೆ ಹೊರಬರುತ್ತಿತ್ತು. ಶಿವನನ್ನು ಯಾರೂ ಕರೆಯುತ್ತಿರಲಿಲ್ಲ.

ಅತ್ತೆ ಅಲ್ಲಿಯೇ ನಿಂತು ಆ ಮೌನವನ್ನು ಕೊನೆಯ ತಂಬಿಗೆಯವರೆಗೂ ಕೇಳಿಸಿಕೊಂಡರು.